ತೆರದಿಂದ ತೆರವಿಗೆ

ಶ್ರೀರಂಗಪಟ್ಟಣದ ಕೋಟೆಯನ್ನು ಹಿಂದೆ ಬಿಟ್ಟು ಮೂಡಲಿಗೆ ನಡೆದರೆ ಗಂಜಾಂ ಸಿಕ್ಕುತ್ತದೆ. ದರಿಯಾ ದೌಲತ್ತಿನ ತೋಟ, ಗುಂಬಜು, ಆಚೆಗೆ ಕಾವೇರಿಯ ಎರಡು ಕವಲುಗಳು ಮತ್ತೆ ಕೂಡುವ ಸಂಗಮ. ಇಲ್ಲಿಯೇ ಹೊಳೆಯ ದಡದ ಮೇಲೆ ನಿಮಿಷಾಂಬೆಯ ಗುಡಿಯಿದೆ. ಬೇಡಿಬಂದವರ ಸಂಕಟವನ್ನು ನಿಮಿಷಮಾತ್ರದಲ್ಲಿ ಕಳೆಯುವಳೆಂಬ ನಂಬಿಕೆಯಿಂದ ತಾಯಿಗೆ ಆ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಕಂಕಣಭಾಗ್ಯಕ್ಕಾಗಿ ಹರಕೆ ಹೊತ್ತು ಇಲ್ಲಿಗೆ ಬರುವುದು ಹಳೆಯ ರೂಢಿ. ಹಿಂದೆ ಆ ಹರಕೆ ಬಹುಮಟ್ಟಿಗೆ ಹೆಣ್ಣು ಹೆತ್ತವರದಾಗಿತ್ತು. ಈಗ ಸಾಲಿನಲ್ಲಿ ನಿಂತವರ ಮಾತಿಗೆ ಕಿವಿಗೊಟ್ಟರೆ ಬೇರೊಂದು ಸೊಲ್ಲು ಕೇಳಿಬರುತ್ತದೆ: "ಮಗಂಗೆ ಮೂವತ್ನಾಕು ತುಂಬ್ತು ಕಣವ್ವ. ಎರಡೆಕ್ರೆ ಗದ್ದೆ ಅದೆ, ಕುಡಿಯೋ ಚಟ ಇಲ್ಲ. ಹೆಣ್ಣು ಮಾತ್ರ ಸಿಕ್ತಿಲ್ಲ."

ಇದು ಒಬ್ಬಿಬ್ಬರ ಮನೆಯ ಮಾತಲ್ಲ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ವಧೂವರರ ಸಮಾವೇಶವೊಂದು ನಡೆಯಿತು. ಹೆಸರು ನೋಂದಾಯಿಸಿದ ವರರು ಹನ್ನೊಂದು ಸಾವಿರಕ್ಕೂ ಮಿಗಿಲು, ವಧುಗಳು ಇನ್ನೂರೈವತ್ತರಷ್ಟು ಎಂದು ಪತ್ರಿಕೆಗಳು ವರದಿಮಾಡಿದವು. ಮೂರು ತಿಂಗಳ ಬಳಿಕ, 2023ರ ಫೆಬ್ರವರಿಯಲ್ಲಿ, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆಮಹದೇಶ್ವರನ ಬೆಟ್ಟಕ್ಕೆ ಅವಿವಾಹಿತ ತರುಣರ ಗುಂಪೊಂದು ಕಾಲ್ನಡಿಗೆಯಲ್ಲಿ ಹೊರಟಿತು. ಮೂವತ್ತು ದಾಟಿದ ಆ ಒಕ್ಕಲುಮಕ್ಕಳು ಮಾದಪ್ಪನಲ್ಲಿ ಬೇಡಹೊರಟದ್ದು ಮಳೆಯನ್ನಲ್ಲ, ಬೆಳೆಯನ್ನಲ್ಲ, ಕೈಹಿಡಿಯುವ ಹೆಣ್ಣನ್ನು.

ನಾಡು ಈ ಸುದ್ದಿಯನ್ನು ಓದಿ ನಕ್ಕಿತು. ನಗುವುದು ಸುಲಭ. ಆದರೆ ಹಳ್ಳಿಯ ಬಾಳನ್ನು ಬಲ್ಲವರಿಗೆ ಅದರೊಳಗಿನ ಯಾತನೆ ತಿಳಿಯದೆ ಇರದು. ನಮ್ಮ ಒಕ್ಕಲುನಾಡಿನಲ್ಲಿ ಮದುವೆಯಾಗದ ಗಂಡಿಗೆ ಪೂರ್ಣ ಪ್ರಾಯವೆಂಬುದೇ ಇಲ್ಲ. ನಲವತ್ತು ದಾಟಿದರೂ ಅವನು 'ಹುಡುಗ'ನೇ. ಶುಭಕಾರ್ಯಗಳಲ್ಲಿ ಅವನ ಸ್ಥಾನ ಬಾಗಿಲ ಹೊರಗೆ, ಚಪ್ಪರದ ಕಂಬದ ಬಳಿ. ತಮ್ಮನ ಮದುವೆಯನ್ನು ತಡೆದವನೆಂಬ ಆರೋಪ ಅವನ ಮೇಲೆ. ಅಣ್ಣನಿಗಿಂತ ಮೊದಲು ಆದನೆಂಬ ಆರೋಪ ತಮ್ಮನ ಮೇಲೆ. ಒಳಗೆ ಅರವತ್ತೈದರ ತಾಯಿ ಇನ್ನೂ ಒಲೆಯ ಮುಂದೆ ಕುಳಿತು ಮುದ್ದೆ ತಿರುವುತ್ತಿದ್ದಾಳೆ. ತನ್ನ ಕಾಲಾನಂತರ ಈ ಮನೆಯಲ್ಲಿ ದೀಪ ಹಚ್ಚುವವರು ಯಾರೆಂಬುದೇ ಅವಳ ಚಿಂತೆ. ಈ ಸಂಕಟವನ್ನು ಬಂಡವಾಳ ಮಾಡಿಕೊಂಡ ದಲ್ಲಾಳಿಗಳೂ ಹುಟ್ಟಿಕೊಂಡಿದ್ದಾರೆ. ಹೆಣ್ಣು ತೋರಿಸುವೆನೆಂದು ಹಣ ಪಡೆದು ಮರೆಯಾಗುವವರ ಕಥೆ ಈಗ ಊರೂರಿನಲ್ಲಿ ಕೇಳಸಿಗುತ್ತದೆ.

ಹೆಣ್ಣುಗಳೆಲ್ಲ ಎಲ್ಲಿ ಹೋದರು? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳು ಚಲಾವಣೆಯಲ್ಲಿವೆ. ಒಂದು, ನಾವೇ ಹೊಟ್ಟೆಯಲ್ಲಿ ಕೊಂದೆವು ಎಂಬುದು. ಇನ್ನೊಂದು, ಓದಿದ ಹುಡುಗಿಯರಿಗೆ ಸೊಕ್ಕು ಬಂತು ಎಂಬುದು. ಎರಡನ್ನೂ ನಿಧಾನವಾಗಿ ತೂಗಿ ನೋಡಬೇಕಾಗಿದೆ.

ಲೆಕ್ಕದ ಮಾತು

ಮೊದಲನೆಯದು ಸುಳ್ಳಲ್ಲ. ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಪತ್ತೆಮಾಡುವುದನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾದದ್ದು 1994ರಲ್ಲಿ. ಜಾರಿಗೆ ಬಂದದ್ದು 1996ರಲ್ಲಿ. ಮತ್ತಷ್ಟು ಬಿಗಿಯಾದದ್ದು 2003ರಲ್ಲಿ. ಹೀಗಿದ್ದರೂ 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಜಾಲವೊಂದನ್ನು ಬೆನ್ನಟ್ಟಿ ಬಂದಾಗ ಅದರ ಬುಡ ಕಂಡದ್ದು ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ. ಕಬ್ಬು ಅರೆದು ಬೆಲ್ಲ ಕಾಯಿಸುವ ತಾಣದಲ್ಲಿ ಸ್ಕ್ಯಾನಿಂಗ್ ಯಂತ್ರವನ್ನು ಅಡಗಿಸಿಟ್ಟು ಬಸುರಿಯರನ್ನು ಪರೀಕ್ಷಿಸುತ್ತಿದ್ದರಂತೆ. ಎರಡು ಮೂರು ವರ್ಷಗಳಲ್ಲಿ ಒಂಬೈನೂರರಷ್ಟು ಭ್ರೂಣಗಳು ಹೀಗೆ ಅಳಿದವೆಂದು ಪೊಲೀಸರು ತಿಳಿಸಿದರು. ಅದರ ಸುದ್ದಿ ಆರುವ ಮೊದಲೇ, 2024ರ ಮೇ ತಿಂಗಳಿನಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ಸಿಬ್ಬಂದಿಗೆಂದು ಕಟ್ಟಿದ ವಸತಿಗೃಹದಲ್ಲಿಯೇ ಇಂಥದೇ ಕೃತ್ಯ ನಡೆದಿದೆಯೆಂಬ ಆರೋಪದ ಮೇಲೆ ಬಂಧನಗಳಾದವು. ಆಲೆಮನೆಯೆಂದರೆ ದಾರಿಹೋಕನನ್ನೂ ಕರೆದು ಹಾಲು ಕೊಟ್ಟು, ಬಿಸಿಬೆಲ್ಲ ಕೈಗಿಡುತ್ತಿದ್ದ ಸ್ಥಳ. ಅದಕ್ಕೆ ಇಂಥ ಹೆಸರು ಬಂದಿತಲ್ಲ ಎಂದು ಈ ಸೀಮೆಯ ಹಿರಿಯರು ಮರುಗಿದರು.

ಆದರೂ ಲೆಕ್ಕವನ್ನು ಲೆಕ್ಕವಾಗಿಯೇ ನೋಡಬೇಕು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಇಡೀ ದೇಶದ ಅಂಕಿ 1991ರಲ್ಲಿ 945 ಇದ್ದುದು 2001ರಲ್ಲಿ 927ಕ್ಕೆ ಇಳಿದು, 2011ರಲ್ಲಿ 920ಕ್ಕೂ ಕೆಳಗೆ ಜಾರಿತು. ಮಂಡ್ಯ ಜಿಲ್ಲೆಯ ಅಂಕಿ ರಾಜ್ಯದ ಸರಾಸರಿಗಿಂತ ಕೆಳಗಿತ್ತೆಂಬುದು ನಿಜ. ಆದರೆ ಪ್ರಕೃತಿಯೇ ಸಾವಿರ ಗಂಡು ಹುಟ್ಟುವಲ್ಲಿ ಸುಮಾರು ಒಂಬೈನೂರೈವತ್ತು ಹೆಣ್ಣುಗಳನ್ನು ಹುಟ್ಟಿಸುತ್ತದೆ. ಹೀಗಾಗಿ ಗರ್ಭದಲ್ಲಿ ಅಳಿದ ಹೆಣ್ಣುಗಳ ಸಂಖ್ಯೆ ಎಷ್ಟೇ ಘೋರವಾಗಿದ್ದರೂ, ಹನ್ನೊಂದು ಸಾವಿರಕ್ಕೆ ಇನ್ನೂರೈವತ್ತು ಎಂಬ ಅಂತರವನ್ನು ಅದೊಂದೇ ವಿವರಿಸಲಾರದು.

ಇನ್ನೊಂದು ಸಂಗತಿಯುಂಟು. ನಮ್ಮಲ್ಲಿ ಗಂಡು ತನಗಿಂತ ಐದಾರು ವರ್ಷ ಕಿರಿಯಳನ್ನು ವರಿಸುತ್ತಾನೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದ ತಾಯಿಯೊಬ್ಬಳಿಗೆ ಸರಾಸರಿ ಮೂರರ ಹತ್ತಿರ ಮಕ್ಕಳಾಗುತ್ತಿದ್ದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಆ ಸಂಖ್ಯೆ 1.7ಕ್ಕೆ ಇಳಿದಿತ್ತು. ವರ್ಷವರ್ಷಕ್ಕೂ ಹುಟ್ಟುವವರು ಕಡಿಮೆಯಾಗುತ್ತ ಬಂದಾಗ, ಹಿರಿಯ ಗಂಡುಗಳ ದೊಡ್ಡ ತಂಡಕ್ಕೆ ಕಿರಿಯ ಹೆಣ್ಣುಗಳ ಚಿಕ್ಕ ತಂಡ ಸಾಲದೆ ಹೋಗುವುದು ಸಹಜ. ಇದಕ್ಕೂ ಮಿಗಿಲಾಗಿ, ಸಮಾವೇಶದಲ್ಲಿ ಹೆಸರು ಕೊಟ್ಟವರು ಇನ್ನೂರೈವತ್ತು ಎಂದರೆ ನಾಡಿನಲ್ಲಿ ಇದ್ದವರೇ ಅಷ್ಟೆಂದು ಅರ್ಥವಲ್ಲ. ಉಳಿದವರು ಹೆಸರು ಕೊಡಲಿಲ್ಲ. ನಾವು ಮುಖ್ಯವಾಗಿ ಕೇಳಬೇಕಾದದ್ದು ಅವರು ಏಕೆ ಕೊಡಲಿಲ್ಲ ಎಂಬುದನ್ನು.

ತೆರ ಕೊಟ್ಟ ಕಾಲ

ಅದನ್ನು ಅರಿಯಲು ತುಸು ಹಿಂದಕ್ಕೆ ಹೋಗಬೇಕು. ಗಂಜಾಮಿನಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯ ಹೆಸರಿನಲ್ಲಿ ಹಳೆಯದೊಂದು ಚರ್ಚು ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆಗೆ ಬಂದು, 1823ರವರೆಗೂ ನಮ್ಮ ಜನರ ನಡುವೆ ಬಾಳಿದ ಅವರು ಇಲ್ಲಿಯ ಆಚಾರವಿಚಾರಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಬರೆದರು. ಹೆಣ್ಣಿಗಾಗಿ ಗಂಡಿನ ಕಡೆಯವರು ಹಣ ತೆರುವ ಪದ್ಧತಿ ಎಲ್ಲೆಡೆ ಹಬ್ಬಿರುವುದನ್ನು ಅದರಲ್ಲಿ ಟೀಕಿಸಿದ್ದಾರೆ. ಅದನ್ನೇ ನಮ್ಮ ಒಕ್ಕಲುಮಕ್ಕಳು 'ತೆರ' ಎಂದು ಕರೆಯುತ್ತಿದ್ದರು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1942ರಲ್ಲಿ ಪ್ರಕಟಿಸಿದ, ಮೈಸೂರಿನ ವಿವಾಹ ಮತ್ತು ಕುಟುಂಬವನ್ನು ಕುರಿತ ಗ್ರಂಥದಲ್ಲಿಯೂ ತೆರದ ವಿವರಗಳುಂಟು.

ತೆರವನ್ನು ಹೊಗಳಬೇಕಾಗಿಲ್ಲ, ಅದೂ ಹೆಣ್ಣಿಗೆ ಬೆಲೆ ಕಟ್ಟುವ ವ್ಯವಹಾರವೇ. ಆದರೂ ಅದರ ಹಿಂದೆ ಒಂದು ಒಪ್ಪಿಗೆಯಿತ್ತು. ನಾಟಿ, ಕಳೆ, ಕೊಯ್ಲು, ದನಕರು ಎಲ್ಲಕ್ಕೂ ಹೆಗಲು ಕೊಡುವ ಮಗಳು ಮನೆ ಬಿಟ್ಟು ಹೋದರೆ ತವರಿಗೆ ನಷ್ಟ, ಸೇರಿದ ಮನೆಗೆ ಲಾಭ ಎಂಬುದನ್ನು ಎರಡು ಕಡೆಯವರೂ ಬಲ್ಲವರಾಗಿದ್ದರು.

ಅನಂತರ ನೀರು ಬಂದಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆ 1930ರ ದಶಕದ ಮೊದಲಲ್ಲಿ ಮುಗಿದು, ಇಂದು ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ನಾಲೆ ಮಂಡ್ಯದ ಬಯಲಿಗೆ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. ಕೈಯಲ್ಲಿ ನಗದು ಓಡಾಡತೊಡಗಿತು. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ನೆಲಸಿ, ನೀರಾವರಿ ತಂದ ಮಾರ್ಪಾಡುಗಳನ್ನು ಅಭ್ಯಸಿಸಿದರು. ಹಳ್ಳಿಗಳ ನಿಜನಾಮವನ್ನು ಮರೆಸಿ ಒಂದನ್ನು ವಂಗಲ, ಇನ್ನೊಂದನ್ನು ದಲೇನ ಎಂದು ಕರೆದರು. 1970ರಲ್ಲಿ ಅವರು ಅದೇ ಹಳ್ಳಿಗಳಿಗೆ ಮರಳಿ ಬಂದಾಗ, ಅನುಕೂಲಸ್ಥ ಒಕ್ಕಲುಮನೆಗಳಲ್ಲಿ ತೆರ ಹಿಂದೆ ಸರಿದು ವರದಕ್ಷಿಣೆ ಕಾಲಿರಿಸಿದ್ದುದು ಕಂಡಿತು. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು ಬಂದು ಒಂಬತ್ತು ವರ್ಷಗಳಾಗಿದ್ದವು!

ಒಂದೇ ತಲೆಮಾರಿನಲ್ಲಿ ಹಣದ ಹೊಳೆ ಹಿಮ್ಮುಖವಾಗಿ ಹರಿದದ್ದು ಹೇಗೆ? ಸಿರಿ ಬಂದ ಮನೆ ತನ್ನ ಹೆಣ್ಣುಮಕ್ಕಳನ್ನು ಗದ್ದೆಯ ಕೆಸರಿನಿಂದ ಒಳಗೆ ಕರೆದುಕೊಂಡಿತು. ಹೆಂಗಸು ಹೊಲಕ್ಕೆ ಇಳಿಯದಿರುವುದು ಮರ್ಯಾದೆಯ ಗುರುತಾಯಿತು. ಅವಳ ದುಡಿಮೆ ಕಣ್ಣಿಗೆ ಮರೆಯಾದೊಡನೆ ಅವಳ ಬೆಲೆಯೂ ಮರೆಯಾಯಿತು. ಅತ್ತ ಓದಿ ಸರ್ಕಾರದ ಕೆಲಸ ಹಿಡಿದ ಗಂಡುಗಳು ಹುಟ್ಟಿಕೊಂಡರು. ಅವರು ಎಣಿಕೆಗೆ ಸಿಕ್ಕುವಷ್ಟೇ ಆದುದರಿಂದ ಅವರಿಗಾಗಿ ಪೈಪೋಟಿ ನಡೆಯಿತು. ಇಂದಿನ ವರದಕ್ಷಿಣೆ ಹಳೆಯ ಸ್ತ್ರೀಧನದ ಮುಂದುವರಿಕೆಯಲ್ಲ, ನಗದಿನ ವ್ಯವಹಾರ ಮತ್ತು ಸಂಬಳದ ನೌಕರಿಗಳೊಡನೆ ಬೆಳೆದ ಹೊಸ ಪಿಡುಗು ಎಂಬುದನ್ನು ಶ್ರೀನಿವಾಸರು 1984ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ವಿವೇಚಿಸಿದ್ದಾರೆ. ತೆರ ತರುತ್ತಿದ್ದ ಮಗಳು ಸಾಲ ತರುವ ಮಗಳಾದಳು. ಸ್ಕ್ಯಾನಿಂಗ್ ಯಂತ್ರ ಪೇಟೆಗೆ ಬರುವ ಹೊತ್ತಿಗೆ ಅದರ ಎದುರಿಗೆ ಸಾಲುನಿಲ್ಲುವ ಮನಸ್ಸು ಆಗಲೇ ಸಿದ್ಧವಾಗಿತ್ತು.

ಒಲ್ಲೆನೆಂದವಳ ಮಾತು

ಹೀಗೆ ಹುಟ್ಟಿಯೂ ಹೊರೆಯೆನಿಸಿಕೊಂಡ ಹೆಣ್ಣುಮಕ್ಕಳು ಮಾಡಿದುದೇನು? ಅವರು ಓದಿದರು. ಈ ಭಾಗದ ಯಾವ ಕಾಲೇಜಿನ ಕನ್ನಡ ತರಗತಿಗೆ ಕಾಲಿಟ್ಟರೂ ಇಂದು ಮುಂದಿನ ಬೆಂಚುಗಳಲ್ಲಿ ಕುಳಿತಿರುವವರು ಅವರೇ. ಕೃಷ್ಣರಾಜಪೇಟೆಯ ಒಳಹಳ್ಳಿಯಿಂದಲೂ ನಾಗಮಂಗಲದ ಮಳೆಯಾಸರೆಯ ಊರುಗಳಿಂದಲೂ ಮುಂಜಾನೆಯ ಬಸ್ಸು ಹಿಡಿದು ಬರುವ ಈ ಹುಡುಗಿಯರಲ್ಲಿ ಬಹುಮಂದಿಯ ತಾಯಂದಿರಿಗೆ ರುಜು ಹಾಕುವುದಕ್ಕಿಂತ ಹೆಚ್ಚಿನ ಅಕ್ಷರ ಬಾರದು. ಆ ತಾಯಂದಿರೇ ಮಗಳ ಕಿವಿಯಲ್ಲಿ ಹೇಳಿ ಕಳುಹಿಸುತ್ತಾರೆ: "ನನ್ನ ಪಾಡು ನಿನಗೆ ಬ್ಯಾಡ ಮಗಾ."

ಆ ಪಾಡು ಎಂತಹುದು? ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆ ಬಳಿಯುವುದು, ಹಾಲು ಕರೆದು ಡೈರಿಗೆ ಹೊರುವುದು, ಅಡಿಗೆ, ಹೊಲ, ಮೇವು, ಮತ್ತೆ ಅಡಿಗೆ. ಹಾಲಿನ ಹಣದ ಲೆಕ್ಕ ಬಹುಪಾಲು ಗಂಡನ ಕೈಯಲ್ಲಿ. ಕೊಳವೆಬಾವಿಗೆ ತೆಗೆದ ಸಾಲದ ಬಡ್ಡಿ ಮಾತ್ರ ಅವಳ ಕಿವಿಯ ಓಲೆಯಿಂದ ತೀರುತ್ತದೆ. ದುಡಿಯುವ ನೆಲದ ಪಹಣಿಯಲ್ಲಿ ಅವಳ ಹೆಸರಿಲ್ಲ. 2015-16ರ ಕೃಷಿ ಗಣತಿಯಂತೆ, ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿದ್ದವು ಶೇಕಡ 14ರಷ್ಟು. ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ನೀಡುವ ಕಾನೂನನ್ನು ಕರ್ನಾಟಕ 1994ರಲ್ಲಿಯೇ ಜಾರಿಗೆ ತಂದಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೆ ಹಳ್ಳಿಯಲ್ಲಿ ಪಾಲು ಕೇಳಿದ ಮಗಳು ತವರನ್ನು ಕಳೆದುಕೊಳ್ಳುತ್ತಾಳೆ. ಅಣ್ಣಂದಿರು ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದೂ, ಅರಿಸಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಕಳುಹಿಸುವುದೂ ನಮ್ಮ ಕಣ್ಣೆದುರಿನ ಸಂಗತಿಗಳೇ.

ಇದನ್ನೆಲ್ಲ ನೋಡುತ್ತ ಬೆಳೆದ ಹುಡುಗಿ, ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುವ ಗಂಡಾದರೂ ಸರಿ, ಊರಿನ ಮೂರೆಕರೆಯ ಮನೆ ಒಲ್ಲೆ ಎಂದರೆ ಅದು ಸೊಕ್ಕೆ? ಅವಳು ತಿರಸ್ಕರಿಸುತ್ತಿರುವುದು ಒಕ್ಕಲುತನವನ್ನೂ ಅಲ್ಲ, ಆ ಬಡಪಾಯಿ ಹುಡುಗನನ್ನೂ ಅಲ್ಲ. ತನ್ನ ತಾಯಿಯ ಬಾಳನ್ನು ಓದಿ ಅವಳು ಕೊಟ್ಟ ತೀರ್ಪು ಅದು. ಹಿಂದಿನವಳಿಗೆ ಆ ತೀರ್ಪು ಕೊಡುವ ಅಧಿಕಾರವಿರಲಿಲ್ಲ. ಆದುದರಿಂದ ಆ ಮನೆಗಳು ತುಂಬಿದ್ದವು.

ಪರಿಹಾರದ ಹೆಸರಿನಲ್ಲಿ

ಈ ತೀರ್ಪಿಗೆ ನಾವು ಕೊಡುತ್ತಿರುವ ಉತ್ತರವನ್ನೂ ನೋಡಬೇಕು. 2023ರ ವಿಧಾನಸಭಾ ಚುನಾವಣೆಯ ಸಂದರ್ಭದಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ ಎರಡು ಲಕ್ಷ ರೂಪಾಯಿ ಕೊಡುವುದಾಗಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಭರವಸೆಯಿತ್ತರು. ಒಕ್ಕಲುಮಕ್ಕಳ ಸಂಕಟವೊಂದು ಚುನಾವಣೆಯ ವೇದಿಕೆಗೆ ಬಂದುದು ಗಮನಾರ್ಹವೇ. ಆದರೆ ಇದೇನು, ತೆರವನ್ನು ಈಗ ಸರ್ಕಾರವೇ ಕೊಡಬೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಮನೆಯೊಳಗಿನ ಬಾಳು ಇದ್ದಂತೆಯೇ ಇದ್ದರೆ ಎರಡು ಲಕ್ಷ ಎಷ್ಟು ದಿನದ ಮಾತು?

ಮತ್ತೊಂದು ದಾರಿ ಹೊರಗಿನಿಂದ ಹೆಣ್ಣು ತರುವುದು. ಹರಿಯಾಣದಲ್ಲಿ ಇದು ಎಂದೋ ನಡೆದುಹೋಗಿದೆ. ಹೆಣ್ಣುಮಕ್ಕಳ ಪ್ರಮಾಣ ಅತಿಯಾಗಿ ಕುಸಿದ ಅಲ್ಲಿಯ ಹಳ್ಳಿಗಳಿಗೆ ಅಸ್ಸಾಂ, ಬಂಗಾಳ, ಬಿಹಾರಗಳ ಬಡವರ ಹೆಣ್ಣುಮಕ್ಕಳನ್ನು ದಲ್ಲಾಳಿಗಳ ಮೂಲಕ ಕರೆತಂದರು. ಅವರನ್ನು ಊರವರು 'ಮೋಲ್ಕಿ' ಎನ್ನುತ್ತಾರೆ. ಹಾಗೆಂದರೆ, ಬೆಲೆಕೊಟ್ಟು ತಂದವಳು. ಭಾಷೆಯಿಲ್ಲ, ಬಂಧುಗಳಿಲ್ಲ, ಜೀವಮಾನವಿಡೀ ಆ ಹೆಸರು ಅಳಿಯುವುದಿಲ್ಲ. ಕಾವೇರಿಯ ದಂಡೆಗೆ ಆ ದಿನ ಬರಬಾರದು.

ಇನ್ನೊಂದು ದೇಶದ ಅನುಭವ ಇದಕ್ಕಿಂತ ಆಶಾದಾಯಕವಾಗಿದೆ. ದಕ್ಷಿಣ ಕೊರಿಯದಲ್ಲಿ 1990ರ ಹೊತ್ತಿಗೆ ನೂರು ಹೆಣ್ಣು ಹುಟ್ಟಿದರೆ ನೂರಹದಿನಾರು ಗಂಡು ಹುಟ್ಟುತ್ತಿದ್ದವು. ಅಲ್ಲಿಯೂ ಹಳ್ಳಿಯ ಬೇಸಾಯಗಾರರಿಗೆ ಹೆಣ್ಣು ಸಿಕ್ಕದೆ ವಿಯೆಟ್ನಾಮಿನಿಂದ ವಧುಗಳನ್ನು ತಂದರು. ಆದರೆ 2007ರ ವೇಳೆಗೆ ಆ ಪ್ರಮಾಣ ಪ್ರಕೃತಿಯ ಸಮತೂಕದ ಹತ್ತಿರಕ್ಕೆ ಮರಳಿತು. ಕಾನೂನಿನ ಭಯವೊಂದರಿಂದಲೇ ಹಾಗಾಗಲಿಲ್ಲ. ಹೆಂಗಸರು ಓದಿದರು, ದುಡಿದರು. ಮುಪ್ಪಿನಲ್ಲಿ ಮಗನೇ ಗತಿಯೆಂಬ ಸ್ಥಿತಿ ಸಡಿಲವಾಯಿತು. ಮನೆಗೆ ಗಂಡೇ ಯಜಮಾನನೆಂದು ವಿಧಿಸಿದ್ದ ಕುಟುಂಬ ನೋಂದಣಿಯ ಪದ್ಧತಿಯನ್ನು ಅಲ್ಲಿಯ ಸಂವಿಧಾನ ನ್ಯಾಯಾಲಯ 2005ರಲ್ಲಿ ಅಸಿಂಧುವೆಂದು ಸಾರಿತು. ನಮ್ಮ ಸಂಸತ್ತು ಮಗಳಿಗೆ ಸಮಪಾಲು ಕೊಟ್ಟದ್ದೂ ಅದೇ ವರ್ಷ. ಅವರು ಕಾಗದವನ್ನು ತಿದ್ದಿದಂತೆ ಮನೆಯನ್ನೂ ತಿದ್ದಿಕೊಂಡರು. ನಾವು ಕಾಗದದಲ್ಲಿಯೇ ನಿಂತಿದ್ದೇವೆ.

ಹೊನ್ನಮ್ಮನ ವಾದದಿಂದ ಮುಂದೆ

ಈ ಮಾತನ್ನು ಶ್ರೀರಂಗಪಟ್ಟಣದಲ್ಲಿ ಹಿಂದೆಯೇ ಎತ್ತಿದವಳೊಬ್ಬಳುಂಟು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ತನ್ನ 'ಹದಿಬದೆಯ ಧರ್ಮ'ದಲ್ಲಿ, ಹೆಣ್ಣೆಂದು ಹೀಗಳೆಯುವವರನ್ನು ಬಿರುಸಾಗಿಯೇ ಪ್ರಶ್ನಿಸಿದ್ದಾಳೆ. ಅವರನ್ನು ಹೆತ್ತು ಸಾಕಿದವಳೂ ಹೆಣ್ಣೇ ಅಲ್ಲವೆ ಎಂಬುದು ಅವಳ ವಾದದ ತಿರುಳು. ಊಳಿಗದ ಹೆಂಗಸೊಬ್ಬಳು ರಾಜಧಾನಿಯಲ್ಲಿ ಕುಳಿತು ಹೀಗೆ ಕೇಳಿದಳೆಂಬುದೇ ದೊಡ್ಡದು. ಪಾತಿವ್ರತ್ಯವನ್ನು ಬೋಧಿಸುವ ಕಾವ್ಯದೊಳಗೇ ಈ ಕಿಡಿ ಹೊಳೆದದ್ದು ಇನ್ನೂ ದೊಡ್ಡದು.

ಆದರೆ ಮೂರು ಶತಮಾನಗಳಾದ ಮೇಲೂ ನಮ್ಮ ವಾದ ಅಲ್ಲಿಗೇ ನಿಂತಿದೆ. 'ಹೆಣ್ಣು ಹುಟ್ಟದಿದ್ದರೆ ನಿಮ್ಮ ಮಗನಿಗೆ ಹೆಂಡತಿ ಎಲ್ಲಿಂದ ಬಂದಾಳು?' ಎಂಬುದು ಇಂದಿನ ಜಾಗೃತಿ ಭಾಷಣಗಳ ಮುಖ್ಯ ಧಾಟಿ. ಈ ಪ್ರಶ್ನೆಯನ್ನು ತರಗತಿಯಲ್ಲಿ ಮುಂದಿಟ್ಟಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ಕೇಳಿದಳು: "ಹಾಗಾದರೆ ನಾವು ಹುಟ್ಟಬೇಕಾದದ್ದು ಇನ್ನೊಬ್ಬರ ಮಗನಿಗೋಸ್ಕರವೇ ಸರ್?" ಅವಳ ಪ್ರಶ್ನೆಯ ಮುಂದೆ ನಮ್ಮ ಭಾಷಣಗಳು ನಿಲ್ಲಲಾರವು. ತಾಯಿಯಾಗಲೆಂದು, ಸೊಸೆಯಾಗಲೆಂದು, ಒಲೆ ಹಚ್ಚಲೆಂದು ಹೆಣ್ಣನ್ನು ಉಳಿಸಿಕೊಳ್ಳುವುದೂ ಒಂದು ಬಗೆಯ ಲೆಕ್ಕಾಚಾರವೇ. ಲೆಕ್ಕ ಬದಲಾದ ದಿನ ಅವಳ ಗತಿಯೂ ಬದಲಾಗುತ್ತದೆ. ತೆರದ ಕಾಲದಿಂದ ವರದಕ್ಷಿಣೆಯ ಕಾಲಕ್ಕೆ ಬಂದ ನಮ್ಮ ಚರಿತ್ರೆಯೇ ಅದಕ್ಕೆ ಸಾಕ್ಷಿ. ಈಗ ಹೆಣ್ಣು ದುರ್ಲಭವಾದುದರಿಂದ ಮದುವೆಯ ಖರ್ಚನ್ನೆಲ್ಲ ಗಂಡಿನ ಕಡೆಯವರೇ ಹೊರುವ ಮಾತು ಅಲ್ಲಲ್ಲಿ ಕೇಳುತ್ತಿದೆ. ಅದನ್ನು ಕಂಡು ಹೆಣ್ಣಿನ ಬೆಲೆ ಏರಿತೆಂದು ಹಿಗ್ಗುವವರಿದ್ದಾರೆ. ಬೆಲೆ ಏರಿದರೆ ಏನಾಯಿತು? ಸಂತೆ ಸಂತೆಯೇ.

ಹಾಗಾದರೆ ಮಾಡಬೇಕಾದುದೇನು? ಮಾದಪ್ಪನ ಬೆಟ್ಟಕ್ಕೆ ನಡೆದ ಆ ತರುಣರ ದುಃಖ ಅಪ್ಪಟವಾದುದು. ಅವರು ಯಾರನ್ನೂ ಕೊಲ್ಲಲಿಲ್ಲ. ತಂದೆತಾತಂದಿರು ಮಾಡಿದ ಸಾಲವನ್ನು ತೀರಿಸುತ್ತಿದ್ದಾರೆ. ಆದರೆ ಆ ಸಾಲ ಹರಕೆಯಿಂದ ತೀರುವಂಥದಲ್ಲ. ಮನೆಗೆ ಬರುವವಳ ಹೆಸರು ಪಹಣಿಯಲ್ಲಿ ಸೇರಲಿ. ಡೈರಿಯ ಹಣ ಅವಳ ಖಾತೆಗೆ ಬರಲಿ. ಕೊಟ್ಟಿಗೆಯ ಸಗಣಿ ಬಾಚಲು ಗಂಡಿನ ಕೈಗೂ ಬರಲಿ. ಅವಳು ಓದಿದ ಓದಿಗೆ ಊರಿನಲ್ಲಿಯೇ ಕೆಲಸವಿರಲಿ. ಮದುವೆಯೇ ಬೇಡವೆಂದರೆ ಆ ಮಾತಿಗೂ ಎಡೆಯಿರಲಿ. ತನ್ನ ಅಕ್ಕತಂಗಿಯರಿಗೆ ಹಕ್ಕು ಬಿಡುಗಡೆಯ ಪತ್ರ ನೀಡಬೇಡವೆಂದು ಹೇಳುವ ಧೈರ್ಯ ಆ ತರುಣನಲ್ಲಿ ಮೂಡಿದರೆ, ಇನ್ನೊಬ್ಬರ ತಂಗಿ ಅವನ ಮನೆಯ ಕಡೆ ಕಣ್ಣೆತ್ತಿ ನೋಡಬಹುದು. ನೋಡದೆಯೂ ಹೋಗಬಹುದು. ಕೊಟ್ಟ ಪಾಲಿಗೆ ಪ್ರತಿಫಲವಾಗಿ ಹೆಂಡತಿಯನ್ನು ಕೇಳುವಂತಿಲ್ಲ.

ಚಿಕ್ಕದೇವರಾಜರ ಹೆಸರಿನ ನಾಲೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಅವರ ಅರಮನೆಯ ಊಳಿಗದವಳು ಕೇಳಿದ ಪ್ರಶ್ನೆಯೂ ಹಾಗೆಯೇ ಉಳಿದಿದೆ. ನೀರಿನ ಪಾಲಿಗಾಗಿ ಈ ಸೀಮೆಯ ಜನ ಎಷ್ಟೋ ಬಾರಿ ಬೀದಿಗಿಳಿದಿದ್ದಾರೆ, ಸೆರೆಮನೆ ಕಂಡಿದ್ದಾರೆ. ಪಾಲೆಂದರೇನು, ಅದು ತಪ್ಪಿದರೆ ಎಂಥ ಉರಿ ಎಂಬುದು ಇಲ್ಲಿಯ ಒಕ್ಕಲುಮಗನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಅದೇ ನ್ಯಾಯವನ್ನು ಅವನು ತನ್ನ ಮನೆಯ ಹೊಸ್ತಿಲೊಳಗೂ ನಡೆಸಲಿ ಎಂಬುದಷ್ಟೇ ಈ ನೆಲದ ಹೆಣ್ಣುಮಕ್ಕಳು ಕೇಳುತ್ತಿರುವುದು.